ದೂರದ ದನಿ, ಕಳ್ಳ ದನಿ

ರಿಚರ್ಡ್ ಕರ್ಟಿಸ್ ಎಂಬವರು 2009ರಲ್ಲಿ ತೆಗೆದ ‘ದಿ ಬೋಟ್ ದಟ್ ರಾಕ್ಡ್’ ಎಂಬ ಇಂಗ್ಲಿಷ್ ಚಿತ್ರವನ್ನು ಈಚೆಗೆ ಎರಡನೆಯ ಸಲ ನೋಡಿದೆ. 1966ನೆಯ ಇಸವಿ, ಇಂಗ್ಲೆಂಡಿನ ತೀರದಾಚೆ, ಕಾನೂನಿನ ಕೈ ಎಟುಕದ ಕಡಲಿನಲ್ಲಿ ಲಂಗರು ಹಾಕಿದ ಒಂದು ಹಳೆಯ ಹಡಗು, ಅದರಿಂದ ಹಗಲಿರುಳೂ ಸಂಗೀತ ಬಿತ್ತರಿಸುವ ಪುಂಡರ ತಂಡ, ಅವರ ಬಾಯಿ ಮುಚ್ಚಿಸಲು ಪಣ ತೊಟ್ಟ ಒಬ್ಬ ಮಂತ್ರಿ. ಕೊನೆಗೆ ಹಡಗು ಮುಳುಗುತ್ತದೆ. ಆಗ ಅದರ ಕೇಳುಗರು ಸಿಕ್ಕ ಸಿಕ್ಕ ದೋಣಿಗಳನ್ನು ಹತ್ತಿ ಬಂದು ತಮ್ಮ ಮೆಚ್ಚಿನ ಉದ್ಘೋಷಕರನ್ನು ನೀರಿನಿಂದೆತ್ತಿ ಉಳಿಸುತ್ತಾರೆ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಕೊನೆಯಲ್ಲಿ ಕಣ್ಣೂ ತುಸು ಒದ್ದೆಯಾಗಿತ್ತು. ಎರಡನೆಯ ಸಲ ಮಾತ್ರ ಏನೋ ಮುಳ್ಳಿನಂತೆ ಚುಚ್ಚಿತು. ಆ ಮುಳ್ಳು ಯಾವುದೆಂದು ಹುಡುಕುತ್ತ ಹೋದದ್ದರ ಫಲ ಈ ಲೇಖನ.

ಚರಿತ್ರೆಯನ್ನು ತಿರುಚಿದ್ದಾರೆಂಬುದು ನನ್ನ ಆಕ್ಷೇಪಣೆಯಲ್ಲ. ಕಲೆಗಾರನಿಗೆ ಅಷ್ಟು ಸ್ವಾತಂತ್ರ್ಯ ಉಂಟು. 1967ರ ಆಗಸ್ಟಿನಲ್ಲಿ ಕಡಲ ನಿಲಯಗಳನ್ನು ನಿಷೇಧಿಸುವ ಕಾನೂನು ಜಾರಿಗೆ ಬಂದಾಗ ಯಾವ ಹಡಗೂ ಮುಳುಗಲಿಲ್ಲ. 1964ರಲ್ಲಿ ಆರಂಭವಾದ ರೇಡಿಯೋ ಕ್ಯಾರೊಲಿನ್‌ನ ‘ಮಿ ಅಮಿಗೊ’ ಹಡಗು ಮುಳುಗಿದ್ದು 1980ರ ಮಾರ್ಚಿನಲ್ಲಿ, ಥೇಮ್ಸ್ ನದಿ ಕಡಲು ಸೇರುವ ಕಡೆ, ಒಂದು ಬಿರುಗಾಳಿಯ ರಾತ್ರಿ. ಆಗ ಬಂದದ್ದು ಕೇಳುಗರ ದೋಣಿಗಳಲ್ಲ, ಶೀರ್ನೆಸ್ ಊರಿನ ಜೀವರಕ್ಷಕ ದೋಣಿ. ಅದು ನಾಲ್ವರು ಮನುಷ್ಯರನ್ನೂ ಒಂದು ಕೆನೇರಿ ಹಕ್ಕಿಯನ್ನೂ ದಡ ಸೇರಿಸಿತು. ಹೀಗೆಯೇ ಚಿತ್ರದಲ್ಲಿ ಹಣದ ಮಾತು ಕಡಿಮೆ. ನಿಜದಲ್ಲಿ ಈ ನಿಲಯಗಳು ಜಾಹಿರಾತಿನ ವ್ಯಾಪಾರದ ಮೇಲೆ ನಿಂತಿದ್ದವು. 1966ರ ಜೂನಿನಲ್ಲಿ ಇಂಥದೊಂದು ನಿಲಯದ ವಹಿವಾಟಿನ ಜಗಳದಲ್ಲಿ ಅದರ ಒಡೆಯ ರೆಜಿನಾಲ್ಡ್ ಕ್ಯಾಲ್ವರ್ಟ್ ಗುಂಡೇಟಿಗೆ ಬಲಿಯಾದ. ಚಿತ್ರಕ್ಕೆ ಇವೆಲ್ಲ ಬೇಕಾಗಿಲ್ಲದಿರಬಹುದು, ಬಿಡೋಣ.

ನನ್ನನ್ನು ಚುಚ್ಚಿದ್ದು ಬೇರೆ. ಚಿತ್ರದಲ್ಲಿ ಹೇಳುವವರಿಗೆಲ್ಲ ಒಂದೊಂದು ಮುಖವಿದೆ, ಒಂದೊಂದು ಹುಚ್ಚಿದೆ, ಒಂದೊಂದು ಕಥೆಯಿದೆ. ಕೇಳುವವರಿಗೆ ಏನೂ ಇಲ್ಲ. ಅವರು ಅಡಿಗೆಮನೆಯಲ್ಲಿ ಕುಣಿಯುತ್ತಾರೆ, ಹಾಸಿಗೆಯಲ್ಲಿ ಕುಪ್ಪಳಿಸುತ್ತಾರೆ, ಕೊನೆಗೆ ದೋಣಿ ಹತ್ತುತ್ತಾರೆ; ಒಂದು ಗುಂಪು, ಅಷ್ಟೆ. ಇದು ಆ ಚಿತ್ರವೊಂದರ ದೋಷವಲ್ಲ. ಬಾನುಲಿಯ ವಿಷಯವಾಗಿ ನಾವು ಬರೆಯುವುದೆಲ್ಲ ಹೇಳುವವನ ಕಡೆಯಿಂದಲೇ. ನಾಟಕ ಹೇಗಿತ್ತು, ಭಾಷಣ ಹೇಗಿತ್ತು, ಉಚ್ಚಾರ ಶುದ್ಧವಾಗಿತ್ತೇ ಎಂದು ಕೇಳುತ್ತೇವೆ. ಕೇಳಿದವನು ಯಾರು, ಹೇಗೆ ಕೇಳಿದ, ಅವನ ಕಿವಿ ಯಾವುದಕ್ಕೆ ತೆರೆದಿತ್ತು ಎಂಬುದನ್ನು ಕೇಳುವವರಿಲ್ಲ. ಸಹೃದಯನೆಂಬ ಪದವನ್ನು ಸಾವಿರ ವರ್ಷಗಳಿಂದ ಮಂತ್ರದಂತೆ ಜಪಿಸುತ್ತಿರುವ ನಮಗೆ ಇದು ಶೋಭಿಸುವ ಮಾತಲ್ಲ.

ಕೇಳುವುದು ಸುಮ್ಮನೆ ಕುಳಿತಿರುವ ಕೆಲಸವಲ್ಲವೆಂದು ಚರಿತ್ರೆ ಹೇಳುತ್ತದೆ. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ಮಂತ್ರಿಗಳಾದ ಮೇಲೆ ಚಿತ್ರಗೀತೆಗಳು ನಮ್ಮ ಸರ್ಕಾರಿ ನಿಲಯಗಳಿಂದ ಬಹುಮಟ್ಟಿಗೆ ಮಾಯವಾದವು. ಜನರ ಅಭಿರುಚಿಯನ್ನು ಎತ್ತರಿಸಬೇಕೆಂಬುದು ಅವರ ಉದ್ದೇಶ. ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಜನ ವಾದ ಮಾಡಲಿಲ್ಲ, ಸಭೆ ಸೇರಲಿಲ್ಲ. ತಿರುಪನ್ನು ತುಸು ತಿರುಗಿಸಿದರು. ಯುದ್ಧಕಾಲದಲ್ಲಿ ಸೈನಿಕರಿಗಾಗಿ ಕೊಲಂಬೋದಲ್ಲಿ ಸ್ಥಾಪಿಸಿದ್ದ ಹ್ರಸ್ವ ತರಂಗದ ಪ್ರೇಷಕ ಯಂತ್ರ ರೇಡಿಯೋ ಸಿಲೋನಿನ ಕೈಗೆ ಬಂದಿತ್ತು. ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಮೊದಲಾದದ್ದೂ ಆ ವರ್ಷವೇ. ಐದು ವರ್ಷ ಕಳೆಯುವುದರೊಳಗೆ, 1957ರ ಅಕ್ಟೋಬರ್ 3ರಂದು, ‘ವಿವಿಧ ಭಾರತಿ’ ಹುಟ್ಟಿತು. ಡೆನ್ಮಾರ್ಕಿನಲ್ಲಿ 1958ರಲ್ಲಿ ರೇಡಿಯೋ ಮರ್ಕುರ್ ಎಂಬ ನಿಲಯ ಹಡಗಿನ ಮೇಲಿಂದ, ಅದೂ ಎಫ್.ಎಂ. ಅಲೆಗಳಲ್ಲಿ, ಹಾಡತೊಡಗಿತು. 1962ರಲ್ಲಿ ಕಾನೂನು ಅದರ ಬಾಯಿ ಕಟ್ಟಿತು. 1963ರ ಜನವರಿಯಲ್ಲಿ ಅಲ್ಲಿಯ ಅಧಿಕೃತ ಬಾನುಲಿಯೇ ಲಘುಸಂಗೀತಕ್ಕೆಂದು ಮೂರನೆಯ ವಾಹಿನಿಯನ್ನು ತೆರೆಯಿತು. ಬ್ರಿಟನ್ನಿನಲ್ಲಿ ಕಡಲ ನಿಲಯಗಳು 1967ರ ಆಗಸ್ಟಿನಲ್ಲಿ ನಿಷೇಧಕ್ಕೊಳಗಾದವು. ಸೆಪ್ಟೆಂಬರ್ 30ರಂದು ಬಿಬಿಸಿಯ ‘ರೇಡಿಯೋ ಒನ್’ ಆರಂಭವಾಯಿತು. ಅದರ ಮೊದಲ ಉದ್ಘೋಷಕ ಟೋನಿ ಬ್ಲ್ಯಾಕ್‌ಬರ್ನ್ ಹಡಗಿನಿಂದಲೇ ಬಂದವನು.

ಮೂರು ದೇಶ, ಒಂದೇ ಕಥೆ. ಮೊದಲು ನಿರಾಕರಣೆ, ಆಮೇಲೆ ನಿಷೇಧ, ಆಮೇಲೆ ಅನುಕರಣೆ. ನಿಷೇಧವೆಂಬ ನಡುವಣ ಮೆಟ್ಟಿಲು ನಮ್ಮಲ್ಲಿರಲಿಲ್ಲ. ಸಿಲೋನು ತನ್ನ ನೆಲದ ಕಾನೂನಿಗೆ ಒಳಪಟ್ಟ ನಿಲಯವಾಗಿತ್ತು, ಅಷ್ಟೇ ವ್ಯತ್ಯಾಸ. ಇಲ್ಲೆಲ್ಲ ಕೆಲಸ ಮಾಡಿದ್ದು ಕೇಳುಗನ ಎರಡು ಬೆರಳು. ಹತ್ತಿರದವನು ಕೊಡುವುದು ಸಾಲದೆಂದು ದೂರದವನ ಕಡೆ ತಿರುಪು ತಿರುಗಿಸುವುದು ವಿಮರ್ಶೆಯಲ್ಲದೆ ಮತ್ತೇನು? ಅದಕ್ಕೆ ಪರಿಭಾಷೆಯಿಲ್ಲ, ಅಡಿಟಿಪ್ಪಣಿಯಿಲ್ಲ. ಪರಿಣಾಮ ಮಾತ್ರ ನಮ್ಮ ಅನೇಕ ವಿಮರ್ಶಾ ಗ್ರಂಥಗಳಿಗಿಂತ ಹೆಚ್ಚು.

ಇಷ್ಟು ಹೇಳಿದರೆ ಲೇಖನ ಮುಗಿಯಬೇಕಾಗಿತ್ತು. ಆದರೆ ನಾನು ಕಂಡ ಇಬ್ಬರು ಕೇಳುಗರು ಈ ಸುಲಭವಾದ ತೀರ್ಮಾನಕ್ಕೆ ಒಗ್ಗುವುದಿಲ್ಲ. ಅವರ ವಿಷಯ ಹೇಳಬೇಕು.

2003ನೆಯ ಇಸವಿಯ ಬೇಸಗೆಯನ್ನು ನಾನು ಪೂರ್ವ ಲಂಡನ್ನಿನಲ್ಲಿ ಮಗನ ಮನೆಯಲ್ಲಿ ಕಳೆದೆ. ಯುರೋಪೆಲ್ಲ ಸುಡುಬಿಸಿಲಿನಲ್ಲಿ ಬೆಂದ ವರ್ಷ ಅದು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ನನಗೆ ಜೊತೆಯಿದ್ದದ್ದು ಪಕ್ಕದ ಮನೆಯ ವೃದ್ಧರು. ನಿವೃತ್ತ ಗುಮಾಸ್ತೆ, ಮಿತಭಾಷಿ. ಅವರ ಮನೆಯ ಮಾಡಿನ ಮೇಲೆ ಮೀನಿನ ಎಲುಬಿನಂಥ ಒಂದು ದೊಡ್ಡ ಏರಿಯಲ್ಲು. ಕೆಳಗಿನಿಂದಲೇ ಅದನ್ನು ಬೇಕಾದ ದಿಕ್ಕಿಗೆ ತಿರುಗಿಸುವ ಒಂದು ಮೋಟಾರು. ದೂರದೂರದ ಎಫ್.ಎಂ. ನಿಲಯಗಳನ್ನು ಹಿಡಿಯುವುದು ಅವರ ನಲವತ್ತು ವರ್ಷದ ಹವ್ಯಾಸ.

ಎಫ್.ಎಂ. ದೂರ ಹೋಗುವುದಿಲ್ಲ ತಾನೆ ಎಂದು ಕೇಳಿದೆ. ಅವರು ನಕ್ಕು, ಅದಕ್ಕೇ ಹಿಡಿಯಬೇಕಾದ್ದು ಎಂದರು. ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಎಫ್.ಎಂ. ಅಲೆ ಹೆಚ್ಚುಕಡಮೆ ನೇರವಾಗಿ ಸಾಗುತ್ತದೆ. ಭೂಮಿ ಬಾಗಿದಲ್ಲಿ ಅದು ಬಾಗದು. ಆದ್ದರಿಂದ ಐವತ್ತು ನೂರು ಕಿಲೊಮೀಟರಿನಾಚೆ ಅದರ ಆಟ ಸಾಮಾನ್ಯವಾಗಿ ಮುಗಿಯುತ್ತದೆ. ಆದರೆ ಎರಡು ಸಂದರ್ಭಗಳುಂಟು. ಸೆಕೆಯ ದಿನಗಳಲ್ಲಿ, ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ ಪದರವಾಗಿ ನಿಂತರೆ ಅವುಗಳ ನಡುವೆ ಅಲೆ ಕೊಳವೆಯಲ್ಲಿ ಹರಿದಂತೆ ಹರಿದು ನೂರಾರು ಕಿಲೊಮೀಟರು ಹೋಗುತ್ತದೆ. ಆಗ ಹಾಲೆಂಡೂ ಜರ್ಮನಿಯೂ ಅಂಗಳಕ್ಕೆ ಬರುತ್ತವೆ. ಇನ್ನೊಂದು, ಮೇ ತಿಂಗಳಿನಿಂದ ಆಗಸ್ಟಿನವರೆಗೆ ನೆಲದಿಂದ ಸುಮಾರು ನೂರು ಕಿಲೊಮೀಟರ್ ಎತ್ತರದಲ್ಲಿ ಆಗೊಮ್ಮೆ ಈಗೊಮ್ಮೆ ವಿದ್ಯುದಂಶ ದಟ್ಟವಾಗಿ ಸೇರಿದ ತೇಪೆಗಳು ಮೂಡುತ್ತವೆ. ಅಲೆ ಅದಕ್ಕೆ ತಾಗಿ ಕನ್ನಡಿಗೆ ಬಿದ್ದ ಬೆಳಕಿನಂತೆ ಕೆಳಗಿಳಿಯುತ್ತದೆ; ಒಂದೂವರೆ ಎರಡು ಸಾವಿರ ಕಿಲೊಮೀಟರಿನಾಚೆ. ಎಂದು ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಹೇಳಲಾರರು.

ಜೂನ್ ತಿಂಗಳ ಒಂದು ಬೆಳಿಗ್ಗೆ ಅದನ್ನು ನಾನೇ ಕೇಳಿದೆ. ಪೆಟ್ಟಿಗೆಯಲ್ಲಿ ಬರಿಯ ಸೊಂಯ್ ಸದ್ದು. ವೃದ್ಧರು ಒಂದು ಗಂಟೆಯಿಂದ ಕುಳಿತಿದ್ದರು. ಇದ್ದಕ್ಕಿದ್ದಂತೆ ಆ ಸದ್ದು ಪರದೆ ಸರಿದಂತೆ ಸರಿದು ಒಬ್ಬ ಹೆಂಗಸಿನ ದನಿ, ಎದುರು ಕುಳಿತು ಮಾತಾಡಿದಷ್ಟು ಸ್ಪಷ್ಟವಾಗಿ, ಪೋರ್ಚುಗೀಸ್ ಭಾಷೆಯಲ್ಲಿ ಏನನ್ನೋ ಓದಿತು. ಲಿಸ್ಬನ್, ಸುಮಾರು 1,600 ಕಿಲೊಮೀಟರು. ವೃದ್ಧರ ಕೈ ನಡುಗುತ್ತಿತ್ತು. ನಿಲಯದ ಹೆಸರು ಕೇಳಿ ಗಡಿಯಾರ ನೋಡಿ ದಿನಚರಿಯಲ್ಲಿ ಬರೆದುಕೊಂಡರು. ಮೂರು ನಾಲ್ಕು ನಿಮಿಷದಲ್ಲಿ ದನಿ ಅರ್ಧ ವಾಕ್ಯದಲ್ಲಿ ನಿಂತುಹೋಯಿತು.

ಆಗ ನಾನು ಕೇಳಿದ ಪ್ರಶ್ನೆ ಸಾಹಿತ್ಯದ ಮೇಷ್ಟರ ಪ್ರಶ್ನೆಯೇ. ಆಕೆ ಏನು ಹೇಳಿದಳು? ವೃದ್ಧರಿಗೆ ಪೋರ್ಚುಗೀಸ್ ಬರುವುದಿಲ್ಲ. ಹಾಗಾದರೆ ಇದರಲ್ಲಿ ರಸವೇನು? ಅಂಚೆಚೀಟಿ ಕೂಡಿಹಾಕುವವನಾದರೂ ಚೀಟಿಯ ಮೇಲಿನ ಚಿತ್ರ ನೋಡುತ್ತಾನೆ. ಇವರು ಹೆಸರು, ಹೊತ್ತು, ದೂರ ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ. ನಿಲಯಕ್ಕೆ ಪತ್ರ ಬರೆದರೆ, ಹೌದು ನೀವು ಕೇಳಿದ್ದು ನಮ್ಮನ್ನೇ ಎಂದು ಅದು ಒಂದು ಕಾರ್ಡು ಕಳಿಸುತ್ತದೆ. ಅಂಥ ಕಾರ್ಡುಗಳು ಗೋಡೆಯ ತುಂಬ. ಇದು ಕೇಳುವುದಲ್ಲ, ಎಣಿಸುವುದು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡೆ.

ಎರಡನೆಯ ಕೇಳುಗ ಮಗನ ಕಟ್ಟಡದ ಮೇಲ್ಮಹಡಿಯ ಹುಡುಗ. ಹದಿನಾರು ಹದಿನೇಳರ ವಯಸ್ಸು. ತಂದೆತಾಯಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ನನ್ನನ್ನು ‘ಅಂಕಲ್’ ಎಂದು ಕರೆಯುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಹಗಲಿರುಳೂ ಗುಡುಗುತ್ತಿದ್ದದ್ದು ದೂರದ ನಿಲಯವಲ್ಲ, ಕಳ್ಳ ನಿಲಯ. ಹಡಗಿನ ಕಾಲ ಎಂದೋ ಮುಗಿದಿತ್ತು; ಕಡಲುಗಳ್ಳರು ಈಗ ಬಡವರ ಬಹುಮಹಡಿ ಕಟ್ಟಡಗಳ ಮಾಳಿಗೆಯ ಮೇಲಿದ್ದರು. 1980ರ ದಶಕದ ಆರಂಭದಲ್ಲಿ ಡ್ರೆಡ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಎಂದು ಬಿಬಿಸಿಯನ್ನು ಅಣಕಿಸುವ ಹೆಸರಿಟ್ಟುಕೊಂಡು ಲಂಡನ್ನಿನ ಕರಿಯ ಜನರ ನಿಲಯವೊಂದು ಹಾಡಿತು, 1985ರಲ್ಲಿ ‘ಕಿಸ್’ ಬಂತು, 1990ರಲ್ಲಿ ಅದು ಪರವಾನಗಿ ಪಡೆದ ನಿಲಯವಾಗಿ ಹಾಡತೊಡಗಿತು, 1994ರಲ್ಲಿ ‘ರಿನ್ಸ್’ ಬಂತು. ಇವರು ಯಂತ್ರವನ್ನು ಒಂದು ಮಾಳಿಗೆಯಲ್ಲಿ ಬಚ್ಚಿಟ್ಟು, ಹಾಡುವ ಕೋಣೆಯನ್ನು ಇನ್ನೊಂದು ಕಟ್ಟಡದಲ್ಲಿ ಮಾಡಿಕೊಂಡು, ಎರಡನ್ನೂ ಕಣ್ಣಿಗೆ ಕಾಣದ ಕಿರಣದಿಂದ ಬೆಸೆಯುತ್ತಿದ್ದರು. ಅಧಿಕಾರಿಗಳು ಬಂದರೆ ಯಂತ್ರ ಹೋಗುತ್ತಿತ್ತು, ಮನುಷ್ಯರು ಉಳಿಯುತ್ತಿದ್ದರು. ಆ ದೇಶದ ಕಾನೂನಿನಂತೆ ಇಂಥ ನಿಲಯವನ್ನು ಕೇಳುವುದು ಕೂಡ ಅಪರಾಧವೆಂದು ವೃದ್ಧರು ನನಗೆ ಹೇಳಿದರು. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ.

ನನಗೆ ಕೇಳಿಸಿದ್ದು ಗದ್ದಲ. ಬಡಿತದ ಮೇಲೆ ಬಡಿತ, ಅದರ ಮೇಲೆ ಉಸಿರು ಬಿಡದೆ ಪ್ರಾಸ ಕಟ್ಟುವ ಹುಡುಗರ ದನಿ, ನಡುನಡುವೆ ಕೇಳುಗರು ಫೋನಿನಲ್ಲಿ ಕಳಿಸಿದ ಹೆಸರುಗಳ ಪಟ್ಟಿ: ಇಂಥ ಬೀದಿಯ ಇಂಥವನಿಗೆ, ಇಂಥ ಕಟ್ಟಡದ ಇಂಥವಳಿಗೆ ನಮಸ್ಕಾರ ಎಂದು. ಇದೇನು ಕಾವ್ಯವೇನಪ್ಪ ಎಂದು ಹುಡುಗನನ್ನು ಕೇಳಿದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. “ಅಂಕಲ್, ನಿಮಗೆ ಅರ್ಥವಾಗುವುದಿಲ್ಲ, ಪರವಾಗಿಲ್ಲ. ನಮ್ಮ ಕಟ್ಟಡದ ಹೆಸರನ್ನು ರೇಡಿಯೋದಲ್ಲಿ ಹೇಳುವವರು ಇವರೊಬ್ಬರೇ,” ಎಂದ.

ಈ ಇಬ್ಬರು ಕೇಳುಗರಿಗೆ ಪರಸ್ಪರ ಆಗುತ್ತಿರಲಿಲ್ಲ. ಕಾರಣ ಸ್ವಭಾವವಲ್ಲ, ಯಂತ್ರ. ಎಫ್.ಎಂ. ವಿಧಾನವನ್ನು ರೂಪಿಸಿದವನು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್. ಅದರ ಪೇಟೆಂಟ್ ಸಿಕ್ಕಿದ್ದು 1933ರಲ್ಲಿ. ಗುಡುಗು ಮಿಂಚಿನ ಕರಕರೆಯಿಲ್ಲದ ಶುದ್ಧವಾದ ದನಿಯನ್ನು ಲೋಕಕ್ಕೆ ಕೊಟ್ಟ ಆ ಮಹನೀಯ ದೊಡ್ಡ ಕಂಪೆನಿಗಳೊಡನೆ ಮೊಕದ್ದಮೆ ಹೂಡಿ ಹೂಡಿ ಬಳಲಿ 1954ರಲ್ಲಿ ಪ್ರಾಣವನ್ನೇ ಕಳೆದುಕೊಂಡ. ಅವನ ಈ ವಿಧಾನಕ್ಕೆ ಒಂದು ವಿಶೇಷ ಗುಣವಿದೆ. ಮಧ್ಯಮ ತರಂಗದಲ್ಲಿ ಎರಡು ನಿಲಯಗಳು ಒಂದೇ ಜಾಗದಲ್ಲಿ ಬಂದರೆ ಎರಡೂ ಕಲಸಿ ಕೇಳಿಸುತ್ತವೆ. ಎಫ್.ಎಂ.ನಲ್ಲಿ ಹಾಗಿಲ್ಲ, ಎರಡರಲ್ಲಿ ತುಸು ಬಲವಾದದ್ದೇ ಇಡಿಯಾಗಿ ಕೇಳಿಸುತ್ತದೆ, ದುರ್ಬಲವಾದದ್ದು ಇರಲೇ ಇಲ್ಲವೆಂಬಂತೆ ಅಳಿದುಹೋಗುತ್ತದೆ. ಎದುರಿನ ಮಾಳಿಗೆಯ ಕಳ್ಳ ನಿಲಯ ಹಾಡುತ್ತಿರುವಷ್ಟು ಹೊತ್ತು ವೃದ್ಧರಿಗೆ ಆ ಜಾಗದಲ್ಲಿ ಲಿಸ್ಬನ್ನೂ ಇಲ್ಲ, ಮ್ಯಾಡ್ರಿಡ್ಡೂ ಇಲ್ಲ. ನಲವತ್ತು ವರ್ಷ ಕಾದು ಕುಳಿತ ಕಿಟಕಿಗೆ ಯಾರೋ ಹಲಗೆ ಹೊಡೆದಂತೆ. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು.

ಇಲ್ಲಿ ನಾನು ಕಳ್ಳ ನಿಲಯಗಳ ವಕೀಲನಾಗಬಯಸುವುದಿಲ್ಲ. ಎಫ್.ಎಂ. ಪಟ್ಟಿಯ ನೆತ್ತಿಯ ಮೇಲೆಯೇ ವಿಮಾನಗಳ ಮಾತಿನ ಪಟ್ಟಿ ಇದೆ. ಕೆಟ್ಟ ಯಂತ್ರದ ಅಲೆ ಅಲ್ಲಿಗೆ ಸೋರಿದರೆ ಅಪಾಯ. ಬಡವರು ವಾಸಿಸುವ ಕಟ್ಟಡಗಳ ಮಾಳಿಗೆಯ ಬೀಗ ಮುರಿದಾಗ, ಲಿಫ್ಟಿನ ಕೋಣೆ ಕೆಟ್ಟಾಗ, ತೊಂದರೆ ಅಲ್ಲಿಯ ಬಡವರಿಗೇ. ಚಲನಚಿತ್ರಗಳು ಇದನ್ನು ತೋರಿಸುವುದಿಲ್ಲ. ಕಳ್ಳತನಕ್ಕೆ ಸಂಗೀತ ಸೇರಿಸಿದ ಮಾತ್ರಕ್ಕೆ ಅದು ಕ್ರಾಂತಿಯಾಗುವುದಿಲ್ಲ.

ಆದರೆ ಆ ವರ್ಷದ ಸೆಪ್ಟೆಂಬರಿನಲ್ಲಿ, ನಾನು ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ, ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ‘ಬಾಯ್ ಇನ್ ದ ಕಾರ್ನರ್’ ಎಂಬ ಧ್ವನಿಮುದ್ರಿಕೆಗೆ ಬಂತು. ಅದರ ಕರ್ತೃ ಡಿಝೀ ರಾಸ್ಕಲ್. ಪೂರ್ವ ಲಂಡನ್ನಿನ ಬೋ ಬಡಾವಣೆಯ ಹುಡುಗ, ವಯಸ್ಸು ಇಪ್ಪತ್ತೂ ತುಂಬಿರಲಿಲ್ಲ. ಇವೇ ಕಳ್ಳ ನಿಲಯಗಳಲ್ಲಿ ಪ್ರಾಸ ಕಟ್ಟಿ ಬೆಳೆದವನು. ನಾನು ಮೂರು ತಿಂಗಳು ಗದ್ದಲವೆಂದು ಕಿವಿ ಮುಚ್ಚಿಕೊಂಡದ್ದಕ್ಕೆ ‘ಗ್ರೈಮ್’ ಎಂಬ ಹೆಸರಿನಲ್ಲಿ ಈಗ ಚರಿತ್ರೆಯಿದೆ. ‘ರಿನ್ಸ್’ ನಿಲಯದ ಸ್ಲಿಮ್‌ಝೀ ಎಂಬವನಿಗೆ 2005ರಲ್ಲಿ ನ್ಯಾಯಾಲಯ ಎತ್ತರದ ಕಟ್ಟಡಗಳ ಮಾಳಿಗೆ ಹತ್ತಕೂಡದೆಂದು ಕಟ್ಟಪ್ಪಣೆ ಮಾಡಿತು. 2010ರಲ್ಲಿ ಅದೇ ನಿಲಯಕ್ಕೆ ಪರವಾನಗಿ ಸಿಕ್ಕಿತು. ಮತ್ತೆ ಅದೇ ಕಥೆ. ಪ್ರಶಸ್ತಿ ಬಂದದ್ದರಿಂದ ಆ ಹಾಡು ಕಾವ್ಯವಾಯಿತೆಂದು ನಾನು ಹೇಳುತ್ತಿಲ್ಲ. ಪ್ರಶಸ್ತಿ ಬರುವವರೆಗೆ ನಾನು ಕೇಳಲೇ ಇಲ್ಲ ಎಂಬುದಷ್ಟೇ ಇಲ್ಲಿ ಮುಖ್ಯವಾದ ಮಾತು.

ಹೊರಡುವ ಹಿಂದಿನ ದಿನ ವೃದ್ಧರು ತಮ್ಮ ದಿನಚರಿಗಳನ್ನು ನನ್ನ ಮುಂದಿಟ್ಟರು. ನಲವತ್ತು ವರ್ಷದ ಹತ್ತಾರು ಪುಸ್ತಕಗಳು. ತಾರೀಖು, ಹೊತ್ತು, ಕಂಪನಾಂಕ, ನಿಲಯ, ದೂರ ಎಂದು ಗೆರೆ ಹಾಕಿದ ಅಂಕಣಗಳು. ಸೌಜನ್ಯಕ್ಕೆಂದು ಪುಟ ತಿರುವುತ್ತಿದ್ದವನಿಗೆ ಕೊನೆಯ ಅಂಕಣ ಕಂಡಿತು. ಅದಕ್ಕೆ ತಲೆಬರಹವಿರಲಿಲ್ಲ. ಒಂದು ಕಡೆ, “ಓದುವಾಕೆಗೆ ನೆಗಡಿ.” ಇನ್ನೊಂದು ಕಡೆ, “ಮೀನುಗಾರರಿಗೆ ಹವಾಮಾನ, ದನಿಯಲ್ಲಿ ಆತಂಕ.” ಮತ್ತೊಂದು ಕಡೆ, “ಇಬ್ಬರೂ ನಕ್ಕರು, ತಡೆಯಲಾರದೆ.” ಭಾಷೆ ತಿಳಿಯದವನು ಬರೆದುಕೊಂಡ ಟಿಪ್ಪಣಿಗಳು ಇವು. ಎಣಿಸುವವನೆಂದು ನಾನು ತೀರ್ಪಿತ್ತ ಮನುಷ್ಯ ಮಾತಿನ ಅರ್ಥ ಬಿಟ್ಟುಹೋದ ಮೇಲೂ ಉಳಿಯುವುದನ್ನು ಕೇಳುತ್ತಿದ್ದರು. ಆನಂದವರ್ಧನನು ಘಂಟೆ ಬಡಿದ ಮೇಲಿನ ಅನುರಣನವನ್ನು ಧ್ವನಿಗೆ ಹೋಲಿಸಿದಾಗ ಅವನ ಮನಸ್ಸಿನಲ್ಲಿದ್ದದ್ದು ವಾಚ್ಯಾರ್ಥವನ್ನು ಮೀರಿದ ಅರ್ಥ. ವಾಚ್ಯಾರ್ಥವೇ ಇಲ್ಲದ ಕೇಳುವಿಕೆ ಅಲ್ಲ. ಅಲಂಕಾರ ಶಾಸ್ತ್ರದ ಚೌಕಟ್ಟಿಗೆ ವೃದ್ಧರು ಹೊಂದುವುದಿಲ್ಲವೆಂಬುದು ನನಗೆ ಗೊತ್ತು. ಆದರೂ ಸಹೃದಯತೆಯ ಮೊದಲ ಮೆಟ್ಟಿಲು ಅದೇ ಇರಬಹುದೆ? ಹೇಳುವವನು ಮನುಷ್ಯನೆಂದು ಮೊದಲು ಕಿವಿಗೆ ತಿಳಿಯಬೇಕು, ಅರ್ಥ ಆಮೇಲೆ.

ಆ ವರ್ಷದ ಪುಟಗಳಲ್ಲಿ ಜುಲೈ ತಿಂಗಳ ಒಂದು ನಮೂದು ಬೇರೆಯಾಗಿತ್ತು. ನಿಲಯ: ಎದುರಿನ ಮಾಳಿಗೆ. ದೂರ: ಕಾಲು ಮೈಲಿ. ಕೊನೆಯ ಅಂಕಣದಲ್ಲಿ, “ಹುಡುಗನೊಬ್ಬ ಅಜ್ಜಿಯ ಹುಟ್ಟುಹಬ್ಬಕ್ಕೆ ಶುಭ ಕೋರಿದ. ಅಜ್ಜಿಯ ಹೆಸರನ್ನು ಎರಡು ಸಲ ಹೇಳಿದ.” ಇದನ್ನು ಏಕೆ ಬರೆದಿರಿ ಎಂದು ಕೇಳಿದೆ. ವೃದ್ಧರು ತುಸು ನಾಚಿದರು. “ಲಿಸ್ಬನ್ನಿಗಾಗಿ ಕಾಯುತ್ತಿದ್ದೆ. ಅದು ಬರಲಿಲ್ಲ. ಬಂದದ್ದನ್ನು ಬರೆಯಬೇಕಲ್ಲ,” ಎಂದರು.

ಕಾಲು ಮೈಲಿಯೂ ದೂರವೇ. ಬಿಬಿಸಿಯ ಯಾವ ವಾಹಿನಿಯಲ್ಲೂ ಆ ಅಜ್ಜಿಯ ಹೆಸರು ಬಂದಿರಲಾರದು. ಅಧಿಕೃತವಾದ ಕಿವಿಗೆ ಆಕೆ ಲಿಸ್ಬನ್ನಿಗಿಂತ ದೂರದಲ್ಲಿದ್ದಳು. ದೂರದ ನಿಲಯ ಹಿಡಿಯುವವನೂ ಕಳ್ಳ ನಿಲಯ ಕೇಳುವವನೂ ಮಾಡುವುದು ಒಂದೇ ಕೆಲಸವೆಂದು ನನಗೆ ಅನ್ನಿಸಿತು. ಬಲವಾದ ದನಿ ಅಳಿಸಿಹಾಕಿದ್ದನ್ನು ಅವರು ಹುಡುಕುತ್ತಾರೆ.

ಈಗ ನನ್ನ ಮುಳ್ಳಿನ ಮಾತು. ನಾನು ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯವನು. 1983ರಲ್ಲಿ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ನಮ್ಮ ಕಡೆಯವನೇ ಆದ ವಿದ್ಯಾರ್ಥಿಯೊಬ್ಬ ಒಂದು ನೋಟುಪುಸ್ತಕದ ತುಂಬ ಪದ್ಯ ಬರೆದು ತಂದ. ತೆಲುಗು ಬೆರೆತ ನಮ್ಮ ಸೀಮೆಯ ಆಡುಮಾತು. ಗಣಿ, ಕಲ್ಲು, ಕೂಲಿ, ರೈಲು. ನಾಲ್ಕು ಪುಟ ನೋಡಿ, ಭಾಷೆ ತಿದ್ದಿಕೊಂಡು ಬಾ ಎಂದು ಹಿಂದಿರುಗಿಸಿದೆ. ಕನ್ನಡದ ದೇಸಿಗಳು ಎಷ್ಟೆಂದರೆ ವಾಸುಕಿಯೂ ದಣಿದಾನೆಂಬ ಅಭಿಪ್ರಾಯವನ್ನು ಕವಿರಾಜಮಾರ್ಗದಿಂದ ಅದೇ ವಾರ ಅದೇ ತರಗತಿಯಲ್ಲಿ ವಿವರಿಸಿದ್ದವನು ನಾನು. ಕಾಲ ಹಾಗಿತ್ತು ಎನ್ನುವಂತೆಯೂ ಇಲ್ಲ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲೇ ಬಂದಿತ್ತು. ನನ್ನ ಕಿವಿ ಎಫ್.ಎಂ. ಪೆಟ್ಟಿಗೆಯಂತಿತ್ತು. ನವ್ಯರ ದನಿ ಬಲವಾಗಿತ್ತು. ಅದೇ ಇಡಿಯಾಗಿ ಕೇಳಿಸಿತು, ಈ ಹುಡುಗನದು ಅಳಿದುಹೋಯಿತು. ಅವನು ಮತ್ತೆ ಬರಲಿಲ್ಲ. ಪದ್ಯಗಳು ಒಳ್ಳೆಯವಾಗಿದ್ದವೋ ಇಲ್ಲವೋ ನಾನು ಇಂದು ಹೇಳಲಾರೆ. ಕೇಳದೆ ತೀರ್ಪು ಕೊಟ್ಟವನಿಗೆ ಆ ಹಕ್ಕು ಉಳಿಯುವುದಿಲ್ಲ.

ನಮ್ಮ ನಾಡಿಗೂ ಈ ಕಥೆ ಹೊರಗಿನದಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಒಂದು ಯಂತ್ರ ಹೂಡಿ ಬಾನುಲಿ ಆರಂಭಿಸಿದರು. ಆ ಹವ್ಯಾಸಿ ನಿಲಯಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಆಮೇಲೆ ಇಡಿಯ ದೇಶದ ಬಾನುಲಿಯ ಹೆಸರಾಯಿತು. ಮನೆಯೊಂದರ ಕೋಣೆಯಿಂದ ಹೊರಟ ದನಿ ಅದು. ಆದರೂ ಹಳ್ಳಿಯವರ ಕೈಗೆ ಯಂತ್ರ ಬರಲು ಬಹಳ ಕಾಲ ಹಿಡಿಯಿತು. ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ತೆರೆದದ್ದು 2001ರಲ್ಲಿ. ಅದೇ ಸುಮಾರಿಗೆ ಹೈದರಾಲಿಯ ಹುಟ್ಟೂರಾದ, ನಮ್ಮ ತಾಲ್ಲೂಕಿನ ಬೂದಿಕೋಟೆಯಲ್ಲಿ ಹಳ್ಳಿಯವರು ‘ನಮ್ಮ ಧ್ವನಿ’ ಎಂಬ ಬಾನುಲಿ ಕಟ್ಟಿದರು. ಸಮುದಾಯಕ್ಕೆ ಪರವಾನಗಿ ಕೊಡುವ ಕಾನೂನಿಲ್ಲ. ಅವರು ಕಳ್ಳರಾಗಲೂ ಇಲ್ಲ. ಅಲೆಯ ಬದಲು ಕೇಬಲ್ ತಂತಿಯಲ್ಲೇ ದನಿಯನ್ನು ಮನೆಮನೆಗೆ ಹರಿಸಿದರು. ಇಂಥ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ.

ಇಂದು ದೂರಕ್ಕೆ ಬೆಲೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಲಿಸ್ಬನ್ನಿನ ಆ ನಿಲಯವನ್ನು ನಾನೀಗ ಕೈಯಲ್ಲಿರುವ ಫೋನಿನಲ್ಲೇ ಇಡೀ ದಿನ ಕೇಳಬಹುದು. ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳನ್ನು ಎಫ್.ಎಂ.ನಿಂದ ತೆಗೆದುಹಾಕಿತು. ರೇಡಿಯೋ ಕ್ಯಾರೊಲಿನ್ ಅದೇ ವರ್ಷ ಪರವಾನಗಿ ಪಡೆದು, ಒಂದು ಕಾಲಕ್ಕೆ ಬಿಬಿಸಿ ವಿದೇಶಗಳಿಗೆ ಮಾತಾಡುತ್ತಿದ್ದ 648 ಕಿಲೊಹರ್ಟ್ಸ್ ಜಾಗದಲ್ಲೇ ಸಭ್ಯವಾಗಿ ಕುಳಿತಿದೆ. ಹವ್ಯಾಸಿಗಳೂ ಬದಲಾಗಿದ್ದಾರೆ. ನಿಲಯ ಕಳಿಸುವ ಗುಪ್ತ ಅಂಕಿಯನ್ನು ಯಂತ್ರವೇ ಓದಿ ಹೆಸರು ತೋರಿಸುತ್ತದೆ. ರಾತ್ರಿಯಿಡೀ ಇಡೀ ಪಟ್ಟಿಯನ್ನು ಕಂಪ್ಯೂಟರು ಮುದ್ರಿಸಿಕೊಂಡು ಬೆಳಿಗ್ಗೆ ಲೆಕ್ಕ ಒಪ್ಪಿಸುತ್ತದೆ. ಎಣಿಸುವ ಕೆಲಸಕ್ಕೆ ಇನ್ನು ಕಿವಿಯೇ ಬೇಡ. ಹೀಗಾಗಿ ತಲೆಬರಹವಿಲ್ಲದ ಆ ಕೊನೆಯ ಅಂಕಣ ಒಂದೇ ಮನುಷ್ಯನ ಪಾಲಿಗೆ ಉಳಿದಿದೆ. ಫೋನಿನಲ್ಲಿ ನಾನು ಆರಿಸಿದ್ದು ಬರುತ್ತದೆ. ವೃದ್ಧರ ಪೆಟ್ಟಿಗೆಯಲ್ಲಿ ಬಂದದ್ದನ್ನು ಅವರು ಕೇಳಬೇಕಾಗಿತ್ತು. ಎರಡಕ್ಕೂ ಅಂತರ ಬಹಳ.

ಕೊನೆಗೊಂದು ಮಾತು. ನಾನು ವಿಮಾನ ಹತ್ತುವ ಹಿಂದಿನ ಸಂಜೆ ಮೇಲ್ಮಹಡಿಯ ಹುಡುಗ ಬಂದು, “ಅಂಕಲ್, ನಿಮ್ಮ ಊರಿನ ಹೆಸರೇನು?” ಎಂದು ಕೇಳಿದ. ಹಳ್ಳಿಯ ಹೆಸರು ಅವನ ನಾಲಗೆಗೆ ಏರಲಿಲ್ಲ. ಬಂಗಾರಪೇಟೆ ಎಂದು ಬರೆದುಕೊಟ್ಟೆ. ಫೋನಿನಲ್ಲಿ ಅದನ್ನು ಒತ್ತಿ ಕಳಿಸಿದ. ಸ್ವಲ್ಪ ಹೊತ್ತಿನ ಮೇಲೆ, ಬಡಿತದ ನಡುವೆ, ಬೀದಿಗಳ ಕಟ್ಟಡಗಳ ಹೆಸರುಗಳ ಸಾಲಿನಲ್ಲಿ, ಎಲ್ಲೋ ಒಂದು ಮಾಳಿಗೆಯ ಕೆಳಗೆ ಕುಳಿತಿದ್ದ ಒಬ್ಬ ಹುಡುಗ ಎಡವುತ್ತ ಎಡವುತ್ತ “ಬಂಗರಾಪೆಟ್” ಎಂದ. ಒಂದು ಕ್ಷಣ ನಿಂತು, ಸರಿಯಾಗಿ ಹೇಳಬೇಕೆಂಬ ಹಟದಿಂದ ಇನ್ನೊಂದು ಸಲ ಹೇಳಿದ. ಎರಡನೆಯ ಸಲವೂ ತಪ್ಪಾಗಿಯೇ ಹೇಳಿದ. ಉಚ್ಚಾರ ತಿದ್ದುವ ಮನಸ್ಸು ನನಗೆ ಬರಲಿಲ್ಲ.